ಹೊಸೂರು ಸೀಮೆಯಲ್ಲಿ ಕೋಳಿ ಮತ್ತು ಮೊಟ್ಟೆ

ಕೋಳಿ ಮೊದಲೋ ಮೊಟ್ಟೆ ಮೊದಲೋ ಎಂಬ ಪ್ರಶ್ನೆ ಇಂದು ಮಕ್ಕಳನ್ನು ತಬ್ಬಿಬ್ಬುಗೊಳಿಸುವ ಒಗಟಾಗಿ ಉಳಿದಿದ್ದರೂ, ಭಾರತೀಯ ಚಿಂತನೆಯಲ್ಲಿ ಅದಕ್ಕೆ ಬಹಳ ಗಂಭೀರವಾದ ಸ್ಥಾನವಿತ್ತು. ಇಂಡೋ-ಗ್ರೀಕ್ ಅರಸ ಮಿನಾಂಡರನೊಡನೆ ಬೌದ್ಧ ಭಿಕ್ಷು ನಾಗಸೇನ ನಡೆಸಿದ ಸಂವಾದವೆಂದು ಹೇಳಲಾಗುವ ‘ಮಿಲಿಂದಪನ್ಹ’ ಎಂಬ ಪಾಳಿ ಗ್ರಂಥದಲ್ಲಿ, ಸಂಸಾರಕ್ಕೆ ಮೊದಲ ತುದಿ ಕಾಣುವುದಿಲ್ಲ ಎಂಬುದನ್ನು ತಿಳಿಸಲು ಬೀಜ ಮತ್ತು ಗಿಡದ ಜೊತೆಗೆ ಕೋಳಿ ಮತ್ತು ಮೊಟ್ಟೆಯ ನಿದರ್ಶನವೂ ಬರುತ್ತದೆ. ವೇದಾಂತಿಗಳು ಇದೇ ತರ್ಕವನ್ನು ಬೀಜಾಂಕುರ ನ್ಯಾಯ, ಅಂದರೆ ಬೀಜದಿಂದ ಮೊಳಕೆ, ಮೊಳಕೆ ಮರವಾಗಿ ಮತ್ತೆ ಬೀಜ ಎಂಬ ಕೊನೆಯಿಲ್ಲದ ಸರಣಿಯ ದೃಷ್ಟಾಂತವೆಂದು ಕರೆದರು. ಶಂಕರಾಚಾರ್ಯರು ಬ್ರಹ್ಮಸೂತ್ರ ಭಾಷ್ಯದಲ್ಲಿ ಸಂಸಾರ ಅನಾದಿಯೆಂದು ತೋರಿಸಲು ಅದನ್ನು ಬಳಸಿದರೆ, ಗೌಡಪಾದರು ಮಾಂಡೂಕ್ಯಕಾರಿಕೆಯಲ್ಲಿ ಆ ದೃಷ್ಟಾಂತವೇ ಇನ್ನೂ ಸಾಧಿಸಬೇಕಾದ ಮಾತು, ಅದನ್ನೇ ಸಾಧನವಾಗಿ ಹಿಡಿಯಲಾಗದು ಎಂದು ಅದನ್ನು ತಳ್ಳಿಹಾಕಿದ್ದರು. ಜೀವವಿಜ್ಞಾನದ ಉತ್ತರ ಇಷ್ಟು ಸೂಕ್ಷ್ಮವಾದುದಲ್ಲ. ನೆಲದ ಮೇಲೆ ಚಿಪ್ಪಿನ ಮೊಟ್ಟೆಯಿಡುವ ಪ್ರಾಣಿಗಳು ಹುಟ್ಟಿ ಮೂವತ್ತು ಕೋಟಿ ವರ್ಷಗಳಾಗಿವೆ, ಸಾಕುಕೋಳಿಗೆ ನಾಲ್ಕು ಸಾವಿರ ವರ್ಷವೂ ತುಂಬಿಲ್ಲ; ಆದುದರಿಂದ ಮೊಟ್ಟೆಯೇ ಮೊದಲು.

ಆದರೆ ತತ್ತ್ವಶಾಸ್ತ್ರವನ್ನೂ ಜೀವವಿಜ್ಞಾನವನ್ನೂ ಬದಿಗಿಟ್ಟು, ಇದೇ ಪ್ರಶ್ನೆಯನ್ನು ಒಂದು ಪ್ರದೇಶದ ಆರ್ಥಿಕ ಚರಿತ್ರೆಗೆ ಕೇಳಿದಾಗ, ಎಂದರೆ ಮನೆಯಂಗಳಕ್ಕೆ, ಸಂತೆಗೆ, ಕಾನೂನಿಗೆ ಮತ್ತು ಸರಕಾರದ ಲೆಕ್ಕದ ಪುಸ್ತಕಕ್ಕೆ ಇವೆರಡರಲ್ಲಿ ಯಾವುದು ಮೊದಲು ಬಂದಿತು ಎಂದು ವಿಚಾರಿಸಿದಾಗ, ಉತ್ತರ ತಲೆಕೆಳಗಾಗುತ್ತದೆ. ಇಂದಿನ ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಗೆ ಸೇರಿದ ಹೊಸೂರು, ಡೆಂಕಣಿಕೋಟೆ, ತಳಿ, ಕೆಲಮಂಗಲ, ಅಂಚೆಟ್ಟಿ, ಬಾಗಲೂರುಗಳ ಸುತ್ತಲಿನ ಎತ್ತರದ ಬಯಲು ಈ ವಿಚಾರಣೆಗೆ ಒಪ್ಪುವ ನೆಲ. ಕನ್ನಡ, ತೆಲುಗು, ತಮಿಳು ಮೂರೂ ಮನೆಮಾತಾಗಿರುವ, ರಾಗಿಯೇ ಮುಖ್ಯ ಬೆಳೆಯಾಗಿದ್ದ ಈ ಸೀಮೆಯಲ್ಲಿ ಕೋಳಿಯ ಚರಿತ್ರೆ ಸಾವಿರ ವರ್ಷಗಳಿಗೂ ಮೀರಿದ್ದರೆ, ಸರಕಾಗಿ ಮೊಟ್ಟೆಯ ಚರಿತ್ರೆ ಎರಡು ಶತಮಾನಗಳಿಗಿಂತ ಹಿಂದಕ್ಕೆ ಹೋಗುವುದು ಕಷ್ಟ.

ಮೊದಲಿಗೆ ಹಕ್ಕಿಯ ವಂಶದ ಮಾತು. ಡೆಂಕಣಿಕೋಟೆಯಿಂದ ಅಂಚೆಟ್ಟಿಯ ಕಡೆಗೆ ಹಬ್ಬಿ ಕಾವೇರಿಯ ಕಣಿವೆಗೆ ಇಳಿಯುವ ಮೇಲಗಿರಿ ಬೆಟ್ಟಸಾಲಿನಲ್ಲಿ ಬೂದುಬಣ್ಣದ ಕಾಡುಕೋಳಿ ಇಂದಿಗೂ ಇದೆ. ಫ್ರೆಂಚ್ ಪ್ರವಾಸಿ ಪಿಯೆರ್ ಸೊನೆರಾ ಎಂಬವನ ಹೆಸರನ್ನು ತನ್ನ ಶಾಸ್ತ್ರೀಯ ನಾಮದಲ್ಲಿ ಹೊತ್ತಿರುವ ಈ ಹಕ್ಕಿಯ ಹುಂಜದ ಕೊರಳಿನ ಚುಕ್ಕೆಗರಿಗಳನ್ನು ಇಂಗ್ಲೆಂಡಿನಲ್ಲಿ ಗಾಳದ ಕೃತಕ ನೊಣ ಕಟ್ಟಲು ಬಳಸುತ್ತಿದ್ದುದರಿಂದ, ಅದು ಒಂದು ಕಾಲಕ್ಕೆ ಗರಿಗಾಗಿಯೇ ಬೇಟೆಯಾಗುತ್ತಿತ್ತು. ಆದರೆ ಅಂಗಳದ ನಾಟಿಕೋಳಿಯ ಮುಖ್ಯ ಪೂರ್ವಜ ಇದಲ್ಲ, ಆಗ್ನೇಯ ಏಷ್ಯಾದ ಕೆಂಪು ಕಾಡುಕೋಳಿ. 2022ರಲ್ಲಿ ಪ್ರಕಟವಾದ ಅಧ್ಯಯನವೊಂದು ಥಾಯ್ಲೆಂಡಿನ ಬಾನ್ ನಾನ್ ವಾಟ್ ಎಂಬಲ್ಲಿ ಸಿಕ್ಕ, ಕ್ರಿ.ಪೂ. 1650ರಿಂದ 1250ರ ನಡುವಿನ ಮೂಳೆಗಳನ್ನು ಸಾಕುಕೋಳಿಯ ಅತ್ಯಂತ ಹಳೆಯ ಖಚಿತ ಕುರುಹೆಂದು ಗುರುತಿಸಿ, ಮಳೆಯಾಶ್ರಯದ ಭತ್ತ ಮತ್ತು ಕಿರುಧಾನ್ಯಗಳ ಬೇಸಾಯ ಹಬ್ಬಿದಂತೆ ಕಣದಲ್ಲಿ ಚೆಲ್ಲಿದ ಕಾಳಿನ ಆಸೆಗೆ ಕಾಡುಕೋಳಿ ಊರಿಗೆ ಬಂದಿತೆಂದು ವಾದಿಸಿತು. ರಾಗಿ ಕಣಗಳ ಈ ಸೀಮೆಗೆ ಆ ವಾದ ಚೆನ್ನಾಗಿ ಹೊಂದುತ್ತದೆ. ಬೂದು ಕಾಡುಕೋಳಿಯ ಪಾಲೂ ಇಲ್ಲದಿಲ್ಲ: ಸಾಕುಕೋಳಿಯ ಹಳದಿ ಚರ್ಮದ ಗುಣ ಅದರಿಂದಲೇ ಬಂದುದೆಂದು 2008ರ ತಳಿಶಾಸ್ತ್ರ ಸಂಶೋಧನೆಯೊಂದು ತೋರಿಸಿತು. ಇಲ್ಲಿ ಗಮನಿಸಬೇಕಾದುದೆಂದರೆ, ಸಾಕುಕೋಳಿ ದಕ್ಷಿಣಕ್ಕೆ ಬಂದುದು ಹಕ್ಕಿಯ ರೂಪದಲ್ಲಿ. ಕಾಲು ಕಟ್ಟಿದ ಕೋಳಿಯನ್ನು ತಿಂಗಳುಗಟ್ಟಲೆ ದಾರಿಯಲ್ಲಿ ಹೊತ್ತು ತರಬಹುದು; ಕಾವಿಗೆ ತಕ್ಕ ಮೊಟ್ಟೆ ಬಿಸಿಲುನಾಡಿನಲ್ಲಿ ಎರಡು ವಾರವೂ ತಾಳುವುದಿಲ್ಲ.

ಹಾಗೆ ಬಂದ ಕೋಳಿಯನ್ನು ಹಿಂದಿನವರು ಯಾವುದಕ್ಕಾಗಿ ಸಾಕಿದರು ಎಂದು ಕೇಳಿದರೆ, ಶಾಸನ ಮತ್ತು ಕಾವ್ಯಗಳು ಕೊಡುವ ಉತ್ತರದಲ್ಲಿ ಮೊಟ್ಟೆ ಕಾಣಿಸುವುದೇ ಇಲ್ಲ. ತಮಿಳುನಾಡಿನ ವಿಳುಪುರಂ ಜಿಲ್ಲೆಯ ಅರಸಲಾಪುರದಲ್ಲಿ ಕಾಳಗದಲ್ಲಿ ಮಡಿದ ಹುಂಜಕ್ಕೆ ನಿಲ್ಲಿಸಿದ, ಸುಮಾರು ಐದು-ಆರನೆಯ ಶತಮಾನದ ವೀರಗಲ್ಲೊಂದಿದೆ; ತುರುಗಾಳಗದಲ್ಲಿ ಸತ್ತ ವೀರನಿಗೆ ಸಲ್ಲುತ್ತಿದ್ದ ಗೌರವ ಅಲ್ಲಿ ಹಕ್ಕಿಗೆ ಸಂದಿದೆ, ಹುಂಜದ ಚಿತ್ರವನ್ನೂ ಕೊರೆಯಲಾಗಿದೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ವಿಶ್ವಕೋಶದಲ್ಲಿ ಹುಂಜದ ಅಂಕವೂ ಅರಸನ ವಿನೋದಗಳಲ್ಲೊಂದಾಗಿ ವಿವರವಾಗಿ ಬಂದಿದೆ. ಕನ್ನಡದಲ್ಲಿ ಕೋಳಿಗೆ ಅತ್ಯಂತ ಭಾರವಾದ ಪಾತ್ರ ಸಿಕ್ಕಿರುವುದು ಜನ್ನನ ‘ಯಶೋಧರ ಚರಿತೆ’ಯಲ್ಲಿ. 1209ರ ಈ ಕಾವ್ಯದಲ್ಲಿ ಜೀವಂತ ಹುಂಜದ ಬದಲು ಹಿಟ್ಟಿನ ಹುಂಜವನ್ನು ಬಲಿಕೊಟ್ಟ ಯಶೋಧರ ಮತ್ತು ಅವನ ತಾಯಿ ಆ ಸಂಕಲ್ಪಹಿಂಸೆಯ ಫಲವಾಗಿ, ಅಂದರೆ ಕೈಯಿಂದ ಮಾಡದೆ ಮನಸ್ಸಿನಲ್ಲಿ ಮಾಡಿದ ಹಿಂಸೆಯ ಫಲವಾಗಿ, ಹಲವು ಪ್ರಾಣಿಜನ್ಮಗಳನ್ನು ಹಾಯ್ದು, ಮತ್ತೆ ಮನುಷ್ಯರಾಗುವ ಮೊದಲು ಕಟ್ಟಕಡೆಗೆ ಕೋಳಿಗಳಾಗಿಯೇ ಹುಟ್ಟುತ್ತಾರೆ.

ಹಿಟ್ಟಿನ ಹುಂಜದ ಕಥೆ ಜೈನರ ವಾದಕ್ಕೆ ಒದಗಿತಾದರೂ ಊರಿನ ರೂಢಿಯನ್ನು ಅದು ಅಲುಗಿಸಲಿಲ್ಲ. ಹೊಸೂರು ಸೀಮೆಯ ಮಾರಮ್ಮ, ಮುನೇಶ್ವರರ ಗುಡಿಗಳಲ್ಲಿ ಹರಕೆಯ ಹುಂಜ ಒಪ್ಪಿಸುವುದು ನಡೆದುಬಂದಿತು, ಇಂದಿಗೂ ನಿಂತಿಲ್ಲ. ಈ ವಿಷಯದಲ್ಲಿ ಗಡಿಯ ಎರಡು ಬದಿಯ ಕಾನೂನುಗಳು ಬೇರೆಬೇರೆ ಹಾದಿ ಹಿಡಿದುದು ಕುತೂಹಲಕರ. ಮದ್ರಾಸ್ ರಾಜ್ಯ 1950ರಲ್ಲಿ ಪ್ರಾಣಿ ಪಕ್ಷಿ ಬಲಿಯನ್ನು ನಿಷೇಧಿಸಿ ಕಾಯ್ದೆ ಮಾಡಿತು, ಮೈಸೂರು ರಾಜ್ಯ 1959ರಲ್ಲಿ ಅದೇ ಬಗೆಯ ಕಾಯ್ದೆ ತಂದಿತು. ದಶಕಗಳ ಕಾಲ ಕಡತದಲ್ಲೇ ಮಲಗಿದ್ದ ತಮಿಳುನಾಡಿನ ಕಾಯ್ದೆಯನ್ನು 2003ರಲ್ಲಿ ಜಾರಿಗೊಳಿಸಲು ಹೊರಟ ಸರಕಾರ, ಹಳ್ಳಿಗಳ ವಿರೋಧ ಕಂಡು 2004ರಲ್ಲಿ ಅದನ್ನು ರದ್ದುಮಾಡಿತು. ಕರ್ನಾಟಕದ ಕಾಯ್ದೆ ಹಾಗೆಯೇ ಉಳಿಯಿತು. ಒಂದೇ ಒಕ್ಕಲಿನ ಹುಂಜ ಅತ್ತಿಬೆಲೆಯಾಚೆ ಕಾನೂನಿಗೆ ವಿರುದ್ಧವಾಗಿಯೂ ಈಚೆ ಕಾನೂನಿನ ಅಡ್ಡಿಯಿಲ್ಲದೆಯೂ ದೇವರಿಗೆ ಸಲ್ಲುವ ಸ್ಥಿತಿ ಹೀಗೆ ಉಂಟಾಯಿತು.

ಕಾಳಗಕ್ಕೆ ಹುಂಜ, ಹರಕೆಗೆ ಹುಂಜ, ಬೆಳಗಿನ ಜಾವ ತಿಳಿಯಲು ಹುಂಜದ ಕೂಗು, ಬೀಗರು ಬಂದರೆ ಸಾರಿಗೆ ಹುಂಜ: ಹಳೆಯ ಬಾಳಿನಲ್ಲಿ ಹಕ್ಕಿಯ ಬೆಲೆಯೆಲ್ಲ ಇಂಥವುಗಳಲ್ಲಿದ್ದುದರಿಂದ ಮೊಟ್ಟೆಯ ಕೆಲಸ ಒಂದೇ, ಇನ್ನೊಂದು ಹಕ್ಕಿಯಾಗುವುದು. ನಾಟಿಕೋಳಿ ಒಂದು ಸರದಿಗೆ ಹತ್ತು ಹನ್ನೆರಡು ಮೊಟ್ಟೆಯಿಟ್ಟು ಕಾವಿಗೆ ಬರುತ್ತದೆ; ಇಪ್ಪತ್ತೊಂದು ದಿನ ಕಾವು ಕೂತು, ಆಮೇಲೆ ಎರಡು ತಿಂಗಳ ಮಟ್ಟಿಗೆ ಮರಿಗಳ ಹಿಂದೆ ತಿರುಗಿ, ಅವನ್ನು ಕುಕ್ಕಿ ಓಡಿಸಿದ ಮೇಲಷ್ಟೇ ಮತ್ತೆ ಮೊಟ್ಟೆಗೆ ಬರುತ್ತದೆ. ಈ ಲೆಕ್ಕದಲ್ಲಿ ವರ್ಷಕ್ಕೆ ಐವತ್ತು ಅರವತ್ತು ಮೊಟ್ಟೆ ಸಿಕ್ಕರೆ ಹೆಚ್ಚು. ಅವುಗಳಲ್ಲಿ ಒಂದನ್ನು ತಿಂದರೆ ಆರು ತಿಂಗಳ ನಂತರದ ಒಂದು ಹ್ಯಾಟೆಯನ್ನೋ ಹುಂಜವನ್ನೋ ತಿಂದಂತೆಯೇ ಆದುದರಿಂದ, ಬಾಣಂತಿಗೋ ಕಾಯಿಲೆಯವರಿಗೋ ಬಿಟ್ಟರೆ ಮನೆಯ ಮೊಟ್ಟೆ ಮನೆಯವರ ತಟ್ಟೆಗೆ ಬರುತ್ತಿದ್ದುದು ಅಪರೂಪ.

ಕಾವಿಗೆ ಕೂರಿಸುವುದು ಹೆಂಗಸರ ವಿದ್ಯೆ. ಹಳೆಯ ಮಂಕರಿಗೆ ಬೂದಿ ಅಥವಾ ಹೊಟ್ಟು ಹರಡಿ, ಮೇಲೆ ಹುಲ್ಲು ಹಾಸಿ, ಮೊಟ್ಟೆಯನ್ನು ಬಿಸಿಲಿಗೆ ಹಿಡಿದು ಅಂಗೈಯ ಮರೆಯಲ್ಲಿ ಒಳಗಿನ ನೆರಳು ನೋಡಿ ಆರಿಸಿ, ಗುಡುಗಿಗೆ ಮೊಟ್ಟೆ ಕೆಡದಿರಲೆಂದು ಒಂದು ಕಬ್ಬಿಣದ ಚೂರನ್ನೂ ಇದ್ದಿಲಿನ ತುಂಡನ್ನೂ ಜೊತೆಗಿಟ್ಟು, ಮನೆಯ ಕತ್ತಲ ಮೂಲೆಯಲ್ಲಿ ಕೋಳಿಯನ್ನು ಕೂರಿಸುತ್ತಿದ್ದರು. ಕಬ್ಬಿಣ ಗುಡುಗನ್ನು ತಡೆಯುತ್ತದೆಯೇ ಎಂಬುದು ಬೇರೆ ಮಾತು. ಆದರೆ ಬೂದಿ ಹೇನನ್ನು ತಡೆಯುತ್ತದೆ, ಕತ್ತಲು ಕೋಳಿಯ ಗಾಬರಿಯನ್ನು ತಗ್ಗಿಸುತ್ತದೆ. ಬೇರೆ ಬೇರೆ ಕೋಳಿಗಳ ಮೊಟ್ಟೆ ಕಲೆಯದಂತೆ ಇದ್ದಿಲಿನ ಗೆರೆ ಎಳೆಯುವುದು, ಮೊಟ್ಟೆಯಿಡುವ ಕೋಳಿ ಜಾಗ ಬದಲಿಸದಂತೆ ಗೂಡಿನಲ್ಲಿ ಒಂದು ಮೊಟ್ಟೆ ಬಿಟ್ಟೇ ಉಳಿದುದನ್ನು ತೆಗೆಯುವುದು, ಮರಿಗಳಿಗೆ ಗೆದ್ದಲಿನ ಹೆಂಟೆ ತಂದು ಉದುರಿಸುವುದು ಈ ವಿದ್ಯೆಯ ಉಳಿದ ಪಾಠಗಳು. ಹೀಗೆ ಬೆಳೆದ ಕೋಳಿಯ ಹಣ ಹೆಂಗಸರ ಸ್ವಂತ ಗಂಟು, ಅದಕ್ಕೆ ಗಂಡಸರು ಲೆಕ್ಕ ಕೇಳುವಂತಿರಲಿಲ್ಲ ಎಂಬುದು ಬಹುಪಾಲು ಮನೆಗಳ ಒಪ್ಪಂದ. ಕೋಳಿಯಿಲ್ಲದ ಮನೆಗೆ ಕೋಳಿ ಬರುತ್ತಿದ್ದುದು ವಾರದ ಮೇಲೆ: ಉಳ್ಳವರು ಒಂದು ಹ್ಯಾಟೆಯನ್ನು ಸಾಕಲು ಕೊಟ್ಟು, ಮರಿಗಳು ದೊಡ್ಡವಾದ ಮೇಲೆ ಪಾಲು ಹಂಚಿಕೊಳ್ಳುವ ಕ್ರಮ ಅದು. ಈ ಒಪ್ಪಂದದಲ್ಲಿಯೂ ಕೈ ಬದಲಾಯಿಸುತ್ತಿದ್ದುದು ಹಕ್ಕಿಯೇ.

ಮೊಟ್ಟೆಗೆ ತನ್ನದೇ ಬೆಲೆ ಬಂದುದು ಈಸ್ಟ್ ಇಂಡಿಯಾ ಕುಂಪಣಿಯ ಆಳ್ವಿಕೆ ಬಂದ ನಂತರ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಸುಲ್ತಾನನಿಂದ ಬಾರಾಮಹಲ್, ಅಂದರೆ ಕೃಷ್ಣಗಿರಿಯ ಸುತ್ತಲಿನ ತಗ್ಗುನಾಡು, ಇಂಗ್ಲಿಷರ ಕೈಸೇರಿತು. 1799ರ ಯುದ್ಧದ ಮೇಲೆ ಹೊಸೂರಿನ ಎತ್ತರದ ನಾಡೂ ಸೇರಿ ಎರಡೂ ಸೇಲಂ ಜಿಲ್ಲೆಯಾದವು. 1809ರಲ್ಲಿ ಬೆಂಗಳೂರು ದಂಡು ಪ್ರದೇಶ ತಲೆಯೆತ್ತಿತು. 1824ರಲ್ಲಿ ಹೊಸೂರಿನ ಪಕ್ಕದ ಮತ್ತಿಗಿರಿಯಲ್ಲಿ ಸೇನೆಗೆ ಕುದುರೆ ಒದಗಿಸುವ ಅಶ್ವಕೇಂದ್ರ ಆರಂಭವಾಯಿತು. ಮದ್ರಾಸಿನಿಂದ ಕೃಷ್ಣಗಿರಿ, ಹೊಸೂರುಗಳ ಮೇಲೆ ಬೆಂಗಳೂರಿಗೆ ಬರುವ ದಾರಿಯಲ್ಲಿ ಮುಸಾಫರಿ ಬಂಗಲೆಗಳು ಎದ್ದವು. ಬೆಳಗಿನ ಊಟಕ್ಕೆ ಮೊಟ್ಟೆ ಬೇಡುವ, ಕೇಕು ಕಡುಬುಗಳಿಗೆ ಮೊಟ್ಟೆ ಒಡೆಯುವ ಜನ ಹೀಗೆ ಒಂದೇ ತಲೆಮಾರಿನಲ್ಲಿ ಈ ಸೀಮೆಯ ಸುತ್ತ ನೆಲೆಯಾದರು. ಬಂಗಲೆಗಳಲ್ಲಿ ಹಕ್ಕಿಯ ಪಾಡೂ ಕೆಟ್ಟಿತು: ಪ್ರಯಾಣಿಕ ಬಂದಿಳಿದ ಮೇಲೆ ಅಂಗಳದ ಕೋಳಿಯನ್ನು ಅಟ್ಟಿ ಹಿಡಿದು ಅರ್ಧ ಗಳಿಗೆಯಲ್ಲಿ ಬಡಿಸುವ ಅಡುಗೆಗೆ ಇಂಗ್ಲಿಷರು ‘ಹಠಾತ್ ಮರಣ’ ಎಂದು ಹೆಸರಿಟ್ಟಿದ್ದರೆಂದು 1886ರ ‘ಹಾಬ್ಸನ್-ಜಾಬ್ಸನ್’ ಕೋಶ ದಾಖಲಿಸಿದೆ. ಈ ಬೇಡಿಕೆಯಿಂದ ಮೊಟ್ಟೆ ಮಾರಾಟದ ವಸ್ತುವಾಯಿತಾದರೂ, ಅದನ್ನು ಇಡುತ್ತಿದ್ದುದು ಅದೇ ಅಂಗಳದ ಕೋಳಿ. ಕಾವಿಗೆ ಮಿಕ್ಕಿದ್ದು ಮಾತ್ರ ಸಂತೆಗೆ ಬರುತ್ತಿತ್ತು, ಅದರಲ್ಲಿಯೂ ಹುಂಜದೊಡನೆ ಬಾಳಿದ ಕೋಳಿಯ ಮೊಟ್ಟೆಯಾದುದರಿಂದ ಬೇಸಗೆಯ ಶೆಕೆಗೆ ಒಳಗೇ ಮರಿ ಕಟ್ಟಲು ತೊಡಗಿ ಬೇಗ ಕೊಳೆಯುತ್ತಿತ್ತು.

ಈ ತೊಡಕನ್ನು ಬಿಡಿಸಲು ಮೊದಲು ಕೈಹಾಕಿದವರು ಮಿಶನರಿಗಳು. ಕೃಷ್ಣಗಿರಿಯ ಪೂರ್ವಕ್ಕೆ ಕಾಟ್ಪಾಡಿಯಲ್ಲಿ ಅಮೆರಿಕದ ಆರ್ಕಾಟ್ ಮಿಶನ್ನಿನ ಕೃಷಿ ಸಂಸ್ಥೆ, ತಿರುವಾಂಕೂರಿನ ಮಾರ್ತಾಂಡದಲ್ಲಿ ಸ್ಪೆನ್ಸರ್ ಹ್ಯಾಚ್ ಕಟ್ಟಿದ ವೈ.ಎಂ.ಸಿ.ಎ. ಕೇಂದ್ರ, ಇವೆರಡೂ 1920 ಮತ್ತು 30ರ ದಶಕಗಳಲ್ಲಿ ಹಳ್ಳಿಗಳಿಗೆ ಬಿಳಿ ಲೆಗ್‌ಹಾರ್ನ್ ತಳಿಯನ್ನು ತಂದವು. ಮಾರ್ತಾಂಡದಲ್ಲಿ ಮೊಟ್ಟೆ ಮಾರುವವರ ಸಹಕಾರ ಸಂಘವೂ ಹುಟ್ಟಿತು. ಇಟಲಿ ಮೂಲದ ಲೆಗ್‌ಹಾರ್ನ್ ಕೋಳಿಯ ವಿಶೇಷವೆಂದರೆ ಅದು ಕಾವಿಗೆ ಕೂರುವ ಗುಣವನ್ನೇ ಬಹುಪಾಲು ಕಳೆದುಕೊಂಡಿದ್ದು. ಕಾವು ಕೂರದ ಕೋಳಿ ಹಳೆಯ ಒಕ್ಕಲಿನ ಕಣ್ಣಿಗೆ ಸೋಂಬೇರಿ. ಹೊಸ ಲೆಕ್ಕದಲ್ಲಿ ಅದೇ ಅದರ ಹೆಚ್ಚುಗಾರಿಕೆ, ಏಕೆಂದರೆ ಕಾವಿಗೂ ಮರಿಗಳಿಗೂ ಹೋಗುತ್ತಿದ್ದ ಮೂರು ತಿಂಗಳು ಅದಕ್ಕೆ ಮೊಟ್ಟೆಯಿಡುವ ಕಾಲವಾಗಿ ಉಳಿಯುತ್ತದೆ. ಈ ಪ್ರಯತ್ನಗಳಿಗೆ ಅಡ್ಡಬಂದ ದೊಡ್ಡ ಪಿಡುಗು ಕೊಕ್ಕರೆ ರೋಗ. ಕುಮಾವೂನಿನ ರಾಣಿಖೇತಿನಲ್ಲಿ 1920ರ ದಶಕದ ಕೊನೆಗೆ ಗುರುತಾದುದರಿಂದ ರಾಣಿಖೇತ್ ರೋಗವೆಂದೂ ಕರೆಯಲಾಗುವ ಈ ವೈರಾಣು ರೋಗ ಒಂದೇ ವಾರದಲ್ಲಿ ಊರಿನ ಕೋಳಿಗಳನ್ನೆಲ್ಲ ಗುಡಿಸಿಹಾಕುತ್ತಿತ್ತು. 1932ರಲ್ಲಿ ರಾಣಿಪೇಟೆಯಲ್ಲಿ ಆರಂಭವಾದ ಪಶುರೋಗ ತಡೆ ಸಂಸ್ಥೆಯಂಥ ಪ್ರಯೋಗಾಲಯಗಳಿಂದ ಲಸಿಕೆ ಬಂದ ಮೇಲಷ್ಟೇ ನೂರಾರು ಕೋಳಿಗಳನ್ನು ಒಂದೇ ಮಾಡಿನಡಿ ಕೂಡಿಹಾಕುವ ಧೈರ್ಯ ರೈತರಿಗೆ ಬಂದಿತು.

ಮತ್ತಿಗಿರಿಯ ಕುದುರೆ ಕೇಂದ್ರ ಇಪ್ಪತ್ತನೆಯ ಶತಮಾನದಲ್ಲಿ ಜಾನುವಾರು ಕ್ಷೇತ್ರವಾಯಿತು. ಸಾವಿರದ ಆರುನೂರು ಎಕರೆಗೂ ಮೀರಿದ ಆ ಹುಲ್ಲುಗಾವಲಿನ ಬಹುಮಾನ್ಯತೆ ದನಗಳಿಗೆ ಸಂದಿತು. ‘ದಕ್ಷಿಣ ಭಾರತದ ಜಾನುವಾರುಗಳು’ ಎಂಬ 1936ರ ಗ್ರಂಥದ ಕರ್ತೃ ಆರ್.ಡಬ್ಲ್ಯೂ. ಲಿಟಲ್‌ವುಡ್ ಇದ್ದುದು ಇಲ್ಲಿಯೇ. ಕೋಳಿಗೆ ಅಲ್ಲಿ ಪ್ರತ್ಯೇಕ ಶಿಕ್ಷಣಪೀಠ ಸಿಕ್ಕಿದ್ದು ತೀರ ಈಚೆಗೆ, ತಮಿಳುನಾಡು ಪಶುವೈದ್ಯ ವಿಶ್ವವಿದ್ಯಾಲಯ ಕೋಳಿ ಸಾಕಣೆಗೆಂದೇ ಒಂದು ಕಾಲೇಜನ್ನು ತೆರೆದು, ಕೋಳಿ ತಂತ್ರಜ್ಞಾನದಲ್ಲಿ ಬಿ.ಟೆಕ್ ಪದವಿ ಕೊಡತೊಡಗಿದಾಗ.

ಸ್ವಾತಂತ್ರ್ಯಾನಂತರದ ಬೆಳವಣಿಗೆಯಲ್ಲಿ ಹೊಸೂರು ಎರಡು ಶಕ್ತಿಕೇಂದ್ರಗಳ ನಡುವೆ ಸಿಕ್ಕಿತು. ನಲವತ್ತು ಕಿಲೋಮೀಟರ್ ಉತ್ತರಕ್ಕೆ ಬೆಂಗಳೂರು: ಹೆಸರಘಟ್ಟದ ಕೇಂದ್ರೀಯ ಕೋಳಿ ಅಭಿವೃದ್ಧಿ ಕ್ಷೇತ್ರವೂ, ಅಂಗಳದ ಸಾಕಣೆಗೆಂದು 1980ರ ದಶಕದ ಕೊನೆಯಲ್ಲಿ ಗಿರಿರಾಜ ತಳಿಯನ್ನು ಬಿಡುಗಡೆ ಮಾಡಿದ ಹೆಬ್ಬಾಳದ ವಿಜ್ಞಾನಿಗಳೂ ಅಲ್ಲಿದ್ದರು. ದಕ್ಷಿಣಕ್ಕೆ ನಾಮಕ್ಕಲ್: ಹಿಂದೆ ಹೊಸೂರಿನೊಡನೆ ಒಂದೇ ಸೇಲಂ ಜಿಲ್ಲೆಯಲ್ಲಿದ್ದ ಊರು. 1965ರಲ್ಲಿ ಹೊಸೂರು ಧರ್ಮಪುರಿ ಜಿಲ್ಲೆಗೆ, 2004ರಲ್ಲಿ ಕೃಷ್ಣಗಿರಿ ಜಿಲ್ಲೆಗೆ ಹೋಯಿತು. 1997ರಲ್ಲಿ ತಾನೇ ಜಿಲ್ಲೆಯಾದ ನಾಮಕ್ಕಲ್ ಅಷ್ಟರಲ್ಲಿ ದೇಶದ ಮೊಟ್ಟೆಯ ರಾಜಧಾನಿಗಳಲ್ಲೊಂದಾಗಿತ್ತು. ಒಣಹವೆ, ಲಾರಿ ಉದ್ಯಮ ಮತ್ತು ಅದರಲ್ಲಿ ಗಳಿಸಿದ ಬಂಡವಾಳ ಅಲ್ಲಿ ಒಟ್ಟಿಗೆ ಸೇರಿದ್ದವು. 1971ರಲ್ಲಿ ವೆಂಕಟೇಶ್ವರ ಹ್ಯಾಚರಿಯನ್ನು ಸ್ಥಾಪಿಸಿದ ಬಿ.ವಿ. ರಾವ್ ಮುಂದಾಳುತನದಲ್ಲಿ 1982ರಲ್ಲಿ ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿ ಹುಟ್ಟಿ, ದಲ್ಲಾಳಿಗಳು ಹೇಳಿದ ದರಕ್ಕೆ ಬದಲು ಸಾಕಣೆದಾರರೇ ಸೂಚಿಸುವ ದಿನದ ದರ ರೂಢಿಗೆ ಬಂದಿತು. ದಾವಣಗೆರೆ, ಹಾವೇರಿ ಸೀಮೆಯ ಮೆಕ್ಕೆಜೋಳ ದಕ್ಷಿಣದ ಕೋಳಿಗಳ ಮೇವಿಗೆ ಹೋಗುವುದು, ನಾಮಕ್ಕಲ್ಲಿನ ಮೊಟ್ಟೆ ಟ್ರೇಗಳಲ್ಲಿ ಬೆಂಗಳೂರಿಗೆ ಬರುವುದು ನಿತ್ಯದ ವ್ಯವಹಾರವಾಯಿತು. ಹೊಸೂರು ಆ ದಾರಿಯ ಮೇಲಿನ ಊರು.

ಈ ಘಟ್ಟದಲ್ಲಿ ಕೋಳಿಯ ಚರಿತ್ರೆ ವೇದಾಂತಿಗಳ ಇನ್ನೊಂದು ನ್ಯಾಯವನ್ನು ಸುಳ್ಳುಮಾಡಿತು. ಒಂದೇ ಕೋಳಿಯ ಅರ್ಧವನ್ನು ಬೇಯಿಸಿ ತಿಂದು, ಉಳಿದರ್ಧವನ್ನು ಮೊಟ್ಟೆಯಿಡಲು ಬಿಡಲಾಗದು ಎಂಬ ಮಾತನ್ನು ಶಂಕರರ ಹೆಸರಿನ ಮಾಂಡೂಕ್ಯಕಾರಿಕಾ ಭಾಷ್ಯದಲ್ಲಿ ಅಸಂಗತ ವಾದವನ್ನು ಹಳಿಯಲು ಬಳಸಲಾಗಿದೆ. ಅರ್ಧಕುಕ್ಕುಟೀ ನ್ಯಾಯವೆಂದು ಅದು ಪ್ರಸಿದ್ಧ. ಇಪ್ಪತ್ತನೆಯ ಶತಮಾನದ ತಳಿಕಾರರು ಅದನ್ನೇ ಮಾಡಿ ತೋರಿಸಿದರು. ನಾಟಿಕೋಳಿಯಲ್ಲಿ ಕೂಡಿಯೇ ಇದ್ದ ಎರಡು ಉಪಯೋಗಗಳನ್ನು ಸೀಳಿ, ಮೊಟ್ಟೆಗೆ ಲೇಯರ್, ಮಾಂಸಕ್ಕೆ ಬ್ರಾಯ್ಲರ್ ಎಂಬ ಎರಡು ಬೇರೆ ವಂಶಗಳನ್ನು ಬೆಳೆಸಿದರು. ಲೇಯರ್ ಕೋಳಿ ವರ್ಷಕ್ಕೆ ಮುನ್ನೂರರ ಆಚೀಚೆ ಮೊಟ್ಟೆಯಿಡುತ್ತದೆ, ಪಂಜರದಲ್ಲಿ ಹುಂಜವಿಲ್ಲದ ಕಾರಣ ಅವುಗಳಲ್ಲಿ ಒಂದೂ ಮರಿಯಾಗದು. ಅದರ ಗಂಡುಮರಿ ಯಾವ ಲೆಕ್ಕಕ್ಕೂ ಬಾರದೆ ಹುಟ್ಟಿದ ದಿನವೇ ಕೊಲ್ಲಲ್ಪಡುತ್ತದೆ. ಬ್ರಾಯ್ಲರ್ ಕೋಳಿ ನಲವತ್ತು ದಿನಗಳ ಆಸುಪಾಸಿನಲ್ಲಿ ಎರಡು ಕಿಲೋ ತೂಗಿ, ಮೊಟ್ಟೆಯಿಡುವ ವಯಸ್ಸು ಬರುವ ಮೊದಲೇ ಅಂಗಡಿ ಸೇರುತ್ತದೆ. ಹೊಸೂರು-ಕೃಷ್ಣಗಿರಿ ಸೀಮೆಯ ಹೊಲಗಳ ಅಂಚಿನಲ್ಲಿ ತಂತಿಜಾಲರಿಯ ಉದ್ದನೆಯ ಷೆಡ್ಡುಗಳಲ್ಲಿ ಬೆಳೆಯುವುದು ಬಹುಮಟ್ಟಿಗೆ ಈ ಎರಡನೆಯ ಬಗೆ.

ಆ ಷೆಡ್ಡುಗಳ ಕರಾರನ್ನು ಹತ್ತಿರದಿಂದ ನೋಡಿದರೆ ಹಳೆಯ ವಾರದ ಪದ್ಧತಿ ಹೇಗೆ ಮಗುಚಿಕೊಂಡಿತೆಂಬುದು ತಿಳಿಯುತ್ತದೆ. 1984ರಲ್ಲಿ ಉಡುಮಲೈಪೇಟೆಯಲ್ಲಿ ಆರಂಭವಾದ ಸುಗುಣ ಸಂಸ್ಥೆ ಮತ್ತು ಅದರಂಥವು 1990ರ ದಶಕದಲ್ಲಿ ಹಬ್ಬಿಸಿದ ಕರಾರು ಸಾಕಣೆಯಲ್ಲಿ ಒಂದು ದಿನದ ಮರಿ, ಮೇವು, ಔಷಧ ಎಲ್ಲವೂ ಕಂಪನಿಯದು. ರೈತನದು ಷೆಡ್ಡು, ನೀರು, ವಿದ್ಯುತ್ತು, ಮೈಗಾವಲು. ಅವನಿಗೆ ಸಲ್ಲುವುದು ಕಿಲೋ ಲೆಕ್ಕದ ಸಾಕಣೆ ಕೂಲಿ, ಹಕ್ಕಿಯಲ್ಲಿ ಪಾಲಿಲ್ಲ. ದರ ಕುಸಿದಾಗಿನ ನಷ್ಟವೂ ಏರಿದಾಗಿನ ಲಾಭವೂ ಬಹುಪಾಲು ಅವನ ಷೆಡ್ಡಿನ ಹೊರಗೇ ನಡೆದುಹೋಗುತ್ತವೆ. ಮರಿ ಬರುವುದು ಹ್ಯಾಚರಿಯಿಂದ: ಅಲ್ಲಿ ಮೊಟ್ಟೆಗಳು ಸುಮಾರು ಮೂವತ್ತೇಳೂವರೆ ಡಿಗ್ರಿ ಉಷ್ಣದಲ್ಲಿ, ಗಂಟೆಗೊಮ್ಮೆ ತಾವೇ ವಾಲುವ ಸೆಟರ್ ಎಂಬ ಯಂತ್ರದಲ್ಲಿ ಹದಿನೆಂಟು ದಿನ, ಆಮೇಲೆ ಹ್ಯಾಚರ್ ಎಂಬ ಯಂತ್ರದಲ್ಲಿ ಮೂರು ದಿನ ಇರುತ್ತವೆ. ಕಾಲದ ಲೆಕ್ಕ ಮಾತ್ರ ಮಂಕರಿಯದೇ, ಇಪ್ಪತ್ತೊಂದು. ಹೊಟ್ಟೆಯೊಳಗೆ ಉಳಿದ ಹಳದಿಯ ಬಲದಿಂದ ಮರಿ ಎರಡು ದಿನ ಅನ್ನನೀರಿಲ್ಲದೆ ಬದುಕಬಲ್ಲುದರಿಂದ, ರಟ್ಟಿನ ಪೆಟ್ಟಿಗೆಯಲ್ಲಿ ಅದು ಬಹುದೂರ ಪ್ರಯಾಣ ಮಾಡುತ್ತದೆ.

ಹ್ಯಾಚರಿಗೆ ಮೊಟ್ಟೆ ಕೊಡುವುದು ಪೇರೆಂಟ್ ಎಂಬ ತಾಯ್ತಂದೆ ಕೋಳಿಗಳು, ಅವನ್ನು ಕೊಟ್ಟದ್ದು ಗ್ರ್ಯಾಂಡ್ ಪೇರೆಂಟ್ ಎಂಬ ಅಜ್ಜಿತಾತ ಕೋಳಿಗಳು, ಅವುಗಳಾಚೆ ಬೆರಳೆಣಿಕೆಯ ಕಂಪನಿಗಳು ಕಾದಿಟ್ಟ ಶುದ್ಧವಂಶಗಳು. ಈ ಮಿಶ್ರತಳಿಯ ಕೋಳಿಗೆ ಹುಂಜ ಕೂಡಿಸಿ ಮರಿಮಾಡಿದರೂ ಮರಿಗೆ ತಾಯಿಯ ಗುಣ ಉಳಿಯುವುದಿಲ್ಲ. ಅಂಗಳಕ್ಕೆಂದೇ ಬಂದ ಗಿರಿರಾಜಕ್ಕೂ ಈ ಮಿತಿಯಿದೆ. ಅದು ಕಾವಿಗೆ ಕೂರುವುದೂ ಕಡಮೆ, ಆದುದರಿಂದ ಹಳ್ಳಿಗರು ಅದರ ಮೊಟ್ಟೆಯನ್ನು ನಾಟಿಕೋಳಿಯ ಕೆಳಗಿಟ್ಟು ಮರಿಮಾಡಿಸಿದರು. ಬೀಜಾಂಕುರದ ಸರಣಿ ಹೀಗೆ ರೈತನ ಮಟ್ಟಿಗೆ ತುಂಡಾಗಿದೆ: ಅವನ ಕೈಗೆ ಬರು­ವ ಮೊಟ್ಟೆಯ ಮುಂದೆ ಕೋಳಿಯಿಲ್ಲ, ಕೋಳಿಯ ಮುಂದೆ ಮೊಟ್ಟೆಯಿಲ್ಲ.

ಮರಿಯಾಗದ ಈ ಮೊಟ್ಟೆಗೆ ದೊಡ್ಡ ಗಿರಾಕಿಯಾಗಿ ಬಂದುದು ಸರಕಾರ. ಎಂ.ಜಿ. ರಾಮಚಂದ್ರನ್ 1982ರಲ್ಲಿ ವಿಸ್ತರಿಸಿದ ಮಧ್ಯಾಹ್ನದ ಪೌಷ್ಟಿಕ ಊಟದಲ್ಲಿ ಮೊಟ್ಟೆಯಿರಲಿಲ್ಲ, ಎಂ. ಕರುಣಾನಿಧಿಯವರ ಸರಕಾರ 1989ರಲ್ಲಿ ಹದಿನೈದು ದಿನಕ್ಕೊಂದರಂತೆ ಅದನ್ನು ಸೇರಿಸಿತು, 2010ರ ವೇಳೆಗೆ ಅದು ವಾರಕ್ಕೆ ಐದಕ್ಕೆ ಏರಿತು. ಹೊಸೂರು, ತಳಿಗಳ ಕನ್ನಡ ಮಾಧ್ಯಮದ ಸರಕಾರಿ ಶಾಲೆಗಳೂ ಈ ಯೋಜನೆಯೊಳಗೇ ಇದ್ದುದರಿಂದ, ಕನ್ನಡದಲ್ಲಿ ಪಾಠ ಓದಿದ ಮಕ್ಕಳಲ್ಲಿ ಶಾಲೆಯ ಮೊಟ್ಟೆ ಮೊದಲು ಸಿಕ್ಕಿದವರು ಕರ್ನಾಟಕದ ಗಡಿಯಾಚೆಯವರು. ಕರ್ನಾಟಕದಲ್ಲಿ ಶಾಲೆಯೂಟಕ್ಕೆ ಮೊಟ್ಟೆ ಬಂದುದು 2021ರ ಡಿಸೆಂಬರಿನಲ್ಲಿ, ಅದೂ ಮೊದಲಿಗೆ ಬೀದರ್, ಕಲಬುರಗಿ, ರಾಯಚೂರು, ವಿಜಯಪುರ ಮೊದಲಾದ ಉತ್ತರದ ಜಿಲ್ಲೆಗಳಲ್ಲಿ, ಮಠಾಧಿಪತಿಗಳ ವಿರೋಧವನ್ನು ಎದುರಿಸಿ. ಹೊಸೂರಿಗೆ ಅಂಟಿಕೊಂಡಿರುವ ಆನೇಕಲ್ ತಾಲ್ಲೂಕಿನಂಥ ಕಡೆಗೆ ಅದು ಆಮೇಲೆ ವಿಸ್ತರಿಸಿತು. ಆ ವಿವಾದದಲ್ಲಿ ಕೇಳಿಬಂದ ವಾದಗಳಲ್ಲಿ ಒಂದು ಈ ಪ್ರಬಂಧದ ವಿಷಯಕ್ಕೆ ನೇರವಾಗಿ ಸೇರಿದ್ದು. ಫಾರಂ ಮೊಟ್ಟೆಯಲ್ಲಿ ಜೀವಾಂಕುರವೇ ಇಲ್ಲದ ಮೇಲೆ ಅದು ಹಾಲಿನಂತೆ ಸಸ್ಯಾಹಾರಕ್ಕೆ ಸಮಾನವೆಂದು ಉದ್ಯಮ ದಶಕಗಳಿಂದ ಪ್ರಚಾರ ಮಾಡಿತ್ತು, ಮೊಟ್ಟೆಯ ಪರವಾದವರು ಅದನ್ನು ಎತ್ತಿ ಹಿಡಿದರು. ಜನ್ನನ ಹಿಟ್ಟಿನ ಹುಂಜದಲ್ಲಿಯೂ ಜೀವವಿರಲಿಲ್ಲ ಎಂಬುದನ್ನು ಬಲ್ಲ ಪರಂಪರೆ ಆ ಮಾತಿಗೆ ಒಪ್ಪಲಿಲ್ಲ. ಕೊನೆಗೆ ಎರಡೂ ರಾಜ್ಯಗಳು ಒಂದೇ ಪರಿಹಾರಕ್ಕೆ ಬಂದು, ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಕೊಡುವ ಏರ್ಪಾಡು ಮಾಡಿಕೊಂಡವು. ಕರ್ನಾಟಕ ಅದರ ಜೊತೆಗೆ ಕಡಲೆಕಾಯಿ ಚಿಕ್ಕಿಯನ್ನೂ ಸೇರಿಸಿತು.